ಆಸರಿಗೆ ಎಂತ ಅಡ್ಡಿಲ್ಲೆ?

ಕಾದಂಬರಿಯ ಮೊದಲ ಪ್ರತಿ ಬರೆದು ಮುಗಿಸಿದ ದಿನ ಯಲ್ಲಾಪುರದ ಪೇಟೆಯಲ್ಲಿ ನನ್ನಷ್ಟು ಜಂಬದ ಹೆಂಗಸು ಇನ್ನೊಬ್ಬಳು ಇದ್ದಿರಲಿಕ್ಕಿಲ್ಲ. ಉದ್ದ ಹಾಳೆಗಳ ಆ ಕಟ್ಟನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ನೋಡಿದೆ, ದೇವರ ಮುಂದಿಟ್ಟು ನೋಡಿದೆ, ತೊಡೆಯ ಮೇಲಿಟ್ಟುಕೊಂಡು ತೂಕ ನೋಡಿದೆ. ನನ್ನ ಅತ್ತೆ ಅದನ್ನು ಎರಡೂ ಕೈಯಲ್ಲಿ ಎತ್ತಿ, "ಒಳ್ಳೆ ಹಲಸಿನಕಾಯಿ ಹಾಂಗಿದ್ದು" ಎಂದು ಕೆಳಗಿಟ್ಟರು. ಹೊಗಳಿಕೆ ಎಂದೇ ತೆಗೆದುಕೊಂಡೆ. ಹಲಸಿನಕಾಯಿಯಲ್ಲಿ ತಿನ್ನುವುದಕ್ಕಿಂತ ಎಸೆಯುವುದೇ ಹೆಚ್ಚು ಎಂಬುದು ಆಗ ತಲೆಗೆ ಹೊಳೆಯಲಿಲ್ಲ.

ಕತೆ ನನ್ನ ತಲೆಯಲ್ಲೇ ಹುಟ್ಟಿದ್ದು. ಅರಬೈಲ್ ಘಟ್ಟದ ಮೇಲೆ ಒಂದು ಮನೆ. ಆ ಮನೆಯ ಮಗಳು ಘಟ್ಟದಲ್ಲಿ ಲಾರಿ ಓಡಿಸುವ, ಬೇರೆ ಜಾತಿಯ ಹುಡುಗನನ್ನು ಮದುವೆಯಾಗಿ ಹೊರಟು ಹೋಗುತ್ತಾಳೆ. ಎಷ್ಟೋ ವರ್ಷದ ಮೇಲೆ ಒಂದು ಮಧ್ಯಾಹ್ನ, ಒಬ್ಬಳೇ, ತವರಿಗೆ ಬರುತ್ತಾಳೆ. ಮನೆ ಅವಳನ್ನು ತನ್ನವಳು ಎನ್ನುವುದಿಲ್ಲ. ಇಷ್ಟೇ. ಅವಳು ಬರುವುದು ಹತ್ತನೇ ಅಧ್ಯಾಯದಲ್ಲಿ, ಅದೇ ಕೊನೆಯದು. ಮೊದಲಿನ ಒಂಬತ್ತು ಅಧ್ಯಾಯ ಇರುವುದೇ ಆ ಮಧ್ಯಾಹ್ನಕ್ಕಾಗಿ.

ಆಗ ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಟ್ರಂಕ್ ಕಾಲ್ ಇನ್ನೂ ಪೂರ್ತಿ ಸತ್ತಿರಲಿಲ್ಲ. ಮುಂಬೈಯಲ್ಲೋ ಹುಬ್ಬಳ್ಳಿಯಲ್ಲೋ ಇರುವ ತಮ್ಮನಿಗೆಂದು ಕಾಲ್ ಬುಕ್ ಮಾಡಿ ಬೆಳಗ್ಗೆಯಿಂದ ಕಾದವರು, ಲೈನ್ ಸಿಕ್ಕ ಕೂಡಲೇ ಕೇಳುವುದು "ಊಟ ಆತಾ?" ಎಂದು. ಆಮೇಲೆ ಬಿಸಿಲು, ಆಕಳ ಕರು, ದೊಡ್ಡಮ್ಮನ ಮಂಡಿನೋವು. ನಾನು ನಡುವೆ ಬಾಯಿ ಹಾಕಿ "ಮೂರು ನಿಮಿಷ ಆಯ್ತು" ಎಂದ ಮೇಲೆಯೇ "ಅಯ್ಯೋ, ಅಪ್ಪಯ್ಯಂಗೆ ಜೋರಿದ್ದು, ಇವತ್ತೇ ಹೊರಟು ಬಾ" ಎಂಬ ಮಾತು ಹೊರಬೀಳುತ್ತಿತ್ತು. ಈ ಜನಕ್ಕೆ ವಿಷಯಕ್ಕೆ ಬರುವುದು ಎಂದಿಗೆ ಗೊತ್ತಾಗುವುದೋ ಎಂದು ಒಳಗೊಳಗೇ ನಗುತ್ತಿದ್ದೆ. ನಾನೂ ಅದೇ ಜನ ಎಂದು ತಿಳಿಯಲು ಶಿರಸಿಯ ಪ್ರೆಸ್ಸಿಗೆ ಹೋಗಬೇಕಾಯಿತು.

ಶಿರಸಿಯಲ್ಲಿ ಒಬ್ಬ ಪ್ರೆಸ್ಸಿನ ಸಾವಕಾರರಿದ್ದರು. ಮೂಲ ಬನವಾಸಿ ಕಡೆಯವರು, ಮನೆತನದ ಕಸುಬು ವ್ಯಾಪಾರ. ವರ್ಷವಿಡೀ ಲಗ್ನಪತ್ರಿಕೆ, ರಸೀದಿ ಪುಸ್ತಕ, ಕ್ಯಾಲೆಂಡರ್ ಅಚ್ಚು ಹಾಕುವವರು. ಆಷಾಢದಲ್ಲಿ ಮದುವೆಯಿಲ್ಲ, ಮುಂಜಿಯಿಲ್ಲ, ಮಷೀನು ಖಾಲಿ. ಆ ಒಂದು ತಿಂಗಳು ಅವರು ತಮ್ಮ ಖುಷಿಗೆ ಒಂದೋ ಎರಡೋ ಕನ್ನಡ ಪುಸ್ತಕ ಹೊರತರುತ್ತಿದ್ದರು. ಓದುವ ಹುಚ್ಚು ಇದ್ದ ಮನುಷ್ಯ. ಅವರ ಮೇಜಿನ ಮೇಲೆ ಪುಸ್ತಕವಾಗಬೇಕಾದ ಕಟ್ಟುಗಳು ಸಾಲಾಗಿ ಇರುತ್ತಿದ್ದವು, ಆಷಾಢಕ್ಕೆ ಯಾವುದು ಎಂದು ಅವರೊಬ್ಬರೇ ತೀರ್ಮಾನ ಮಾಡುವುದು. ನನ್ನ ಕಟ್ಟೂ ಆ ಸಾಲಿನಲ್ಲಿ ಸೇರಿ ಎರಡು ತಿಂಗಳಾದ ಮೇಲೆ ಕರೆ ಬಂತು.

"ಬರ್ರಿ ಮೇಡಂ, ಕೂಡ್ರಿ" ಎಂದರು. "ಕಾದಂಬರಿ ಓದಿದೆ. ಬರವಣಿಗಿ ಛಲೋ ಐತ್ರಿ."

ನಾನು ಹಿಗ್ಗಿ ಹೀರೇಕಾಯಿಯಾದೆ.

"ಆದ್ರ ನಿಮ್ಮ ಮಂದಿ ಬರೇ ನೀರು ಕುಡೀತಾರ್ರಿ. ಒಬ್ಬವ ಬಂದ. ಕಾಲು ತೊಳಕೊಂಡ, ಬೆಲ್ಲ ತಿಂದ, ನೀರು ಕುಡದ, ಮಜ್ಜಿಗಿ ಕುಡದ, ಎಲಿ-ಅಡಿಕಿ ಹಾಕ್ಕೊಂಡ. ಆಮ್ಯಾಲ ಏನಾತು ಅಂತ ಹಾಳಿ ತಿರುವಿದ್ರ ಅಧ್ಯಾಯನ ಮುಗದೈತಿ! ಎಲ್ಲಾ ಅಧ್ಯಾಯನೂ ಹಂಗ."

ಹತ್ತು ಫಾರಮ್ಮಿನೊಳಗೆ, ಅಂದರೆ ನೂರರವತ್ತು ಪುಟದೊಳಗೆ, ಕೂರುವ ಹಾಗೆ ಇಳಿಸಬೇಕು ಎಂದರು. ಅದು ಒಂದು. ಎರಡನೆಯದು ಹೇಳುವಾಗ ಅವರ ದನಿ ಸ್ವಲ್ಪ ತಗ್ಗಿತು. "ಆ ಕಡೀ ಅಧ್ಯಾಯ ಐತಲ್ರೀ, ಹುಡುಗಿ ತವರಮನಿಗೆ ಬರೋದು. ಅಲ್ಲಿ ಏನೋ ತಪ್ಪೈತಿ. ಏನಂತ ನನಗ ಗೊತ್ತಾಗವಲ್ದು. ಅಪ್ಪ ಅಷ್ಟು ಬೈತಾನ, ಅಣ್ಣ ಒದರ್ತಾನ, ಆದ್ರೂ ನನ್ನ ಹೊಟ್ಟ್ಯಾಗಿನ ಕಳ್ಳು ಚುರಕ್ ಅನ್ನವಲ್ದು. ಅದು ಚುರಕ್ ಅಂದ್ರ ಪುಸ್ತಕ. ಇಲ್ಲಾಂದ್ರ ಈ ಆಷಾಢಕ್ಕ ಬ್ಯಾರೆಯವ್ರದು ಹಾಕ್ತೀನಿ. ಸಿಟ್ಟಾಗಬ್ಯಾಡ್ರಿ."

ಸಿಟ್ಟಾಗದೆ ಏನು? ಯಲ್ಲಾಪುರದ ಬಸ್ಸು ಹತ್ತಿ ಮಂಚಿಕೇರಿ ಬರುವವರೆಗೂ ಮನಸ್ಸಿನಲ್ಲೇ ಅವರ ಜೊತೆ ಜಗಳ ಆಡಿದೆ. ಬಯಲುಸೀಮೆಯ ಮಗ್ಗುಲಿನವರಿಗೆ ನಮ್ಮ ಮನೆಯ ರೀತಿ ಏನು ಗೊತ್ತು? ಬಂದವರಿಗೆ ಆಸರಿಗೆ ಕೇಳದೆ ಮಾತು ಶುರು ಮಾಡಲಿಕ್ಕೆ ನಾವೇನು ಪೊಲೀಸರೇ? "ಆಸರಿಗೆ ಎಂತ ಅಡ್ಡಿಲ್ಲೆ?" ಎಂದರೆ ಬಾಯಾರಿಕೆಗೆ ಏನು ಕೊಡಲಿ, ಏನಾದೀತು ಎಂದು ಅರ್ಥ. ಬಂದವರು ಮೊದಲು "ಎಂತದೂ ಬ್ಯಾಡ" ಎನ್ನಬೇಕು, ಮನೆಯವರು ಬಿಡಬಾರದು. ಇಷ್ಟು ಆಗದೆ ನಮ್ಮಲ್ಲಿ ಸಾವಿನ ಸುದ್ದಿಯನ್ನೂ ಯಾರೂ ಹೇಳುವುದಿಲ್ಲ. ಹೀಗೆಲ್ಲ ವಾದ ಮಾಡುತ್ತ ಸಾಕ್ಷಿಗೆಂದು ಕಟ್ಟು ಬಿಚ್ಚಿ ಮೂರನೇ ಅಧ್ಯಾಯ ತೆಗೆದೆ.

ಅದರಲ್ಲಿ ಒಬ್ಬ ಮಾವ ಬರುತ್ತಾನೆ. ಅವನು ಬಂದದ್ದು ಮನೆಯ ಹುಡುಗಿಯನ್ನು ಲಾರಿಯವನ ಜೊತೆ ಕಂಡೆ ಎಂದು ಹೇಳುವುದಕ್ಕೆ. ಓದುತ್ತಾ ಹೋದೆ. ಮಾವ ಕಾಲು ತೊಳೆದ. ಬೆಲ್ಲ ಕಡಿದ. ಮಜ್ಜಿಗೆಗೆ ಉಪ್ಪು ಸಾಕೇ ಎಂದು ಕೇಳಿಸಿಕೊಂಡ. ಕವಳ ಹಾಕಿದ, ಅಂದರೆ ಸಾವಕಾರರ ಆ ಎಲೆ-ಅಡಿಕೆ; ಸುಣ್ಣ ಹೆಚ್ಚಾಗಿ ನಾಲಿಗೆ ಸುಟ್ಟುಕೊಂಡ. ನಾನು ಹಾಳೆ ತಿರುವಿದೆ. ಮಾವ ಇನ್ನೊಂದು ಕವಳ ಹಾಕಿದ. ನನಗೆ ನಗು ಉಕ್ಕಿ ಬಂತು. ಪಕ್ಕದಲ್ಲಿ ಕುಳಿತ ಮುದುಕಿ ಸರಿದು ಕೂತಳು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರಲ್ಲ, ನನ್ನ ಹೆಗ್ಗಣ ಅಲ್ಲಿ ಬಸ್ಸಿನಲ್ಲಿ ಬಾಲ ಅಲ್ಲಾಡಿಸುತ್ತಾ ನನಗೆ ಕಂಡಿತು.

ಮರುದಿನ ಮಧ್ಯಾಹ್ನದ ಮೇಲಿನ ಪಾಳಿ. ಬೆಳಗಿನ ಕೆಲಸ ಮುಗಿಸಿ ಹಾಳೆಗಳನ್ನು ಹೊರಕೋಣೆಯ ನೆಲದ ತುಂಬ ಹರಡಿದೆ. ಗಾಳಿಗೆ ಹಾರದಿರಲಿ ಎಂದು ಕೈಗೆ ಸಿಕ್ಕಿದ್ದನ್ನೆಲ್ಲ ಮೇಲಿಟ್ಟೆ: ಅಡಕತ್ತರಿ, ಸುಣ್ಣದ ಡಬ್ಬಿ, ಕವಳದ ತಟ್ಟೆ. ಕತ್ತರಿಸಿ ಎಸೆಯಬೇಕಾದ್ದೇ ಕಾವಲಿಗೆ ಕೂತ ಹಾಗಾಯಿತು. ಮೂರನೇ ಅಧ್ಯಾಯದ ಮುಂದೆ ಪೆನ್ನು ಹಿಡಿದು ಕುಕ್ಕರುಗಾಲಲ್ಲಿ ಕುಳಿತೆ. ಮಾವ ಹೇಳಬೇಕಾದ್ದನ್ನು ಹೇಳುವುದು ಕೊನೆಯ ಪುಟದಲ್ಲಿ, ಒಂದು ಕಾಲಿಗೆ ಚಪ್ಪಲಿ ಮೆಟ್ಟಿ ಇನ್ನೊಂದನ್ನು ಹುಡುಕುತ್ತಾ: "ಹಾಂ, ಒಂದು ಮಾತು ಹೇಳಕಾಗಿತ್ತು. ನಿಂಗಳ ಕೂಸನ್ನ ಘಟ್ಟದ ತಿರುವಲ್ಲಿ ಕಂಡೆ."

ಆ ಸಾಲನ್ನು ಕತ್ತರಿಯಿಂದ ಕತ್ತರಿಸಿ ತೆಗೆದೆ. ಒಂದು ಹೊಸ ಹಾಳೆಯ ನೆತ್ತಿಗೆ ಅಂಟಿಸಿದೆ. ಅಧ್ಯಾಯ ಶುರುವಾಗುವುದೇ ಅಲ್ಲಿಂದ. ಒಂದು ಕಾಲಿಗೆ ಚಪ್ಪಲಿ, ಬಾಯಲ್ಲಿ ಕವಳ, ಬಾಗಿಲಲ್ಲಿ ನಿಂತ ಹುಡುಗಿಯ ಅಮ್ಮ. ಮೊದಲಿನ ಒಂಬತ್ತು ಪುಟ ಬೇಡವೇ ಬೇಡ. ಓದಿದೆ. ಮತ್ತೆ ಓದಿದೆ. ಅಧ್ಯಾಯ ಮಲಗಿದಲ್ಲಿಂದ ಎದ್ದು ಕೂತಿತ್ತು. ನಾನು "ಅಯ್ಯಯ್ಯೋ!" ಎಂದು ಕೂಗಿದ್ದು ಕೇಳಿ ಅತ್ತೆ ಒಳಗಿನಿಂದ ಹಾವು ಬಂತೇ ಎಂದು ಕೋಲು ಹಿಡಿದು ಬಂದರು.

ಕತ್ತರಿಸುವುದರಲ್ಲಿ ಇಷ್ಟು ಸುಖ ಇದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಬರೆಯುವಾಗ ಅಳೆದೂ ಸುರಿದೂ ಬರೆದವಳು ನಾನು. ಹೊಡೆದು ಹಾಕುವಾಗ ಮಾತ್ರ ಕೈ ನಿಲ್ಲಲೇ ಇಲ್ಲ. ನಮ್ಮ ಕಡೆ ಬಂದ ವಿಷಯ ಹೊರಬೀಳುವುದು ಎದ್ದು ಹೊರಡುವಾಗ, ಚಪ್ಪಲಿ ಮೆಟ್ಟುವಾಗ. ಹಾಗಾದರೆ ಪ್ರತಿ ಅಧ್ಯಾಯದಲ್ಲೂ ಚಪ್ಪಲಿ ಎಲ್ಲಿದೆ ಎಂದು ಹುಡುಕಿದರೆ ಸಾಕು! ಹುಡುಕಿದೆ. ಎರಡರಲ್ಲಿ ಸಿಕ್ಕಿತು, ಐದರಲ್ಲಿ ಸಿಕ್ಕಿತು, ಏಳರಲ್ಲಿ ಎರಡು ಜೊತೆ ಸಿಕ್ಕಿತು. ಎಕ್ಸ್‌ಚೇಂಜಿನಲ್ಲಿ ಕೂತು "ಮೂರು ನಿಮಿಷ ಆಯ್ತು" ಎನ್ನುವಾಗಲೂ ನನ್ನ ಕಣ್ಣ ಮುಂದೆ ಹಾಳೆಗಳೇ. ಒಂದು ದಿನ ಕುಮಟೆಗೆ ಕೊಡಬೇಕಾದ ಲೈನನ್ನು ಕಾರವಾರಕ್ಕೆ ಕೊಟ್ಟು ಬೈಸಿಕೊಂಡೆ, ಬೈದದ್ದು ಕಿವಿಗೆ ಹೋಗಲಿಲ್ಲ.

ಅತ್ತೆ ಓದುವ ಹೆಂಗಸು. ವಾರಪತ್ರಿಕೆಯ ಧಾರಾವಾಹಿಗಳನ್ನು ಒಂದೂ ಬಿಟ್ಟವರಲ್ಲ. ನಾನು ಡ್ಯೂಟಿಗೆ ಹೋದ ಹೊತ್ತಿನಲ್ಲಿ ಕತ್ತರಿಸಿದ ಅಧ್ಯಾಯಗಳನ್ನು ಓದಿ, ನಾನು ಬರುವುದನ್ನೇ ಕಾಯುತ್ತಾ ಕೂತಿದ್ದರು.

"ಇದೆಂತದೇ ತಂಗಿ" ಎಂದರು. "ಆ ಮಾವ ಅಷ್ಟು ಬಿಸಿಲಲ್ಲಿ ನಡಕಂಡು ಬಂದ. ಒಂದು ಚೊಂಬು ನೀರೂ ಕೊಟ್ಟಿದ್ವಿಲ್ಲೆ?"

"ಕೊಟ್ಟಾಗಿತ್ತು ಅತ್ತೆ. ಪುಸ್ತಕದಲ್ಲಿ ಹೇಳಿದ್ನಿಲ್ಲೆ, ಅಷ್ಟೇಯ."

"ಹೇಳದಿದ್ರೆ ಕೊಟ್ಟಿದ್ದು ಯಾರಿಗೆ ಗೊತ್ತಾಗ್ತು?"

"ಪುಟ ಹೆಚ್ಚಾಗ್ತು ಅತ್ತೆ."

"ಹೆಚ್ಚಾಗ್ಲಿ! ಸೊಸೆ ಬರೆದ ಪುಸ್ತಕದಲ್ಲಿ ಬಂದವಕ್ಕೆ ನೀರಿಲ್ಲೆ, ಕವಳ ಇಲ್ಲೆ. ಓದಿದ ಜನ ಎಂತ ಹೇಳ್ತ? ಅತ್ತೆ ಮನೆಯಲ್ಲಿ ಕಲ್ತಿದ್ದು ಹೇಳ್ತ."

ಎರಡು ದಿನ ನನ್ನ ಜೊತೆ ಅಷ್ಟಕ್ಕಷ್ಟೇ ಮಾತು. ಮೂರನೇ ದಿನ ಮನೆಗೆ ಬಂದ ಸಿಲಿಂಡರಿನವನಿಗೆ ನಾನು ನೋಡುವ ಹಾಗೆ, ಬೇಕೆಂದೇ, ಎರಡು ಲೋಟ ಮಜ್ಜಿಗೆ ಕೊಟ್ಟರು. ನಾನು ನಕ್ಕೆ. ಒಂಬತ್ತು ಅಧ್ಯಾಯ ಮುಗಿದಿತ್ತು, ಕಟ್ಟು ಅರ್ಧಕ್ಕರ್ಧ ಇಳಿದಿತ್ತು. ಯಾರ ಸಿಟ್ಟೂ ತಟ್ಟದಷ್ಟು ಖುಷಿಯಲ್ಲಿದ್ದೆ.

ಉಳಿದದ್ದು ಹತ್ತನೆಯದು. ಖುಷಿಯೆಲ್ಲ ಅಲ್ಲಿಗೆ ಬಂದು ಮುಗ್ಗರಿಸಿತು. ಅಲ್ಲಿ ಕತ್ತರಿಸಲು ಉಪಚಾರದ ಪುಟಗಳೇ ಇರಲಿಲ್ಲ. ಹುಡುಗಿ ಬಂದು ಜಗಲಿಯ ಮೇಲೆ ಕೂರುತ್ತಾಳೆ, ಮೂರು ಸಾಲು ಕಳೆಯುವಷ್ಟರಲ್ಲಿ ಅಪ್ಪ ಕೂಗಲು ಶುರು ಮಾಡುತ್ತಾನೆ. ಇದಕ್ಕಿಂತ ಬೇಗ ವಿಷಯಕ್ಕೆ ಬರುವುದು ಹೇಗೆ? ಬೈಗಳು ಸಾಲದೇನೋ ಎಂದು ಹೆಚ್ಚು ಮಾಡಿದೆ. ಅಣ್ಣನ ಕೈಗೆ ಕೋಲು ಕೊಟ್ಟೆ. ಅಮ್ಮನಿಂದ ಎದೆ ಬಡಿಸಿದೆ. ಹುಡುಗಿಯಿಂದ ಎರಡು ಪುಟದ ಭಾಷಣ ಮಾಡಿಸಿದೆ. ಬರೆದಷ್ಟೂ ನೀರಿನಲ್ಲಿ ಹೋಮ ಮಾಡಿದ ಹಾಗೆ. ಶಿರಸಿಗೆ ಒಯ್ದು ತೋರಿಸಿದರೆ ಸಾವಕಾರರು ಒಂಬತ್ತಕ್ಕೂ ತಲೆದೂಗಿ, ಹತ್ತನೆಯದಕ್ಕೆ ಕನ್ನಡಕ ತೆಗೆದಿಟ್ಟರು.

"ಬೈಗಳ ಭಾಳ ಆತ್ರೀ. ಕಳ್ಳು ಇನ್ನೂ ಚುರಕ್ ಅನ್ನವಲ್ದು. ಆಷಾಢ ಇನ್ನೇನು ಬಂದಬಿಡ್ತೈತಿ, ಮುಂದಿನ ವಾರದೊಳಗ ನನಗ ಬೇಕು."

ಬಾಗಿಲ ತನಕ ಬಂದ ಭಾಗ್ಯ ಅಲ್ಲೇ ನಿಂತಿತು. ಆಗ ನನಗೆ ಅಕ್ಕೋರ ನೆನಪಾಯಿತು.

ನಾನು ವಜ್ರಳ್ಳಿಯ ಕಡೆ ಕನ್ನಡ ಶಾಲೆಗೆ ಹೋದವಳು. ನಮ್ಮಲ್ಲಿ ಪಾಠ ಹೇಳುವ ಹೆಂಗಸಿಗೆ ಅಕ್ಕೋರು ಎನ್ನುವುದು. ನನ್ನ ಅಕ್ಕೋರು ಹಾಜರಿ ಕರೆಯುವ ಮೊದಲು ಮೂಲೆಯ ಮಡಕೆಯಿಂದ ಪ್ರತಿ ಮಗುವಿಗೂ ತಾವೇ ನೀರು ಕೊಡುತ್ತಿದ್ದರು. ನಾವು ದೂರದಿಂದ ನಡೆದು ಬರುವ ಮಕ್ಕಳು. ಯಾರ ಮನೆಯ ಮಗು ಎಂದು ನೋಡುತ್ತಿರಲಿಲ್ಲ, ಎಲ್ಲರಿಗೂ ಅದೇ ಲೋಟ. ಬೇಡ ಎಂದರೆ ಬಿಡುತ್ತಿರಲಿಲ್ಲ. ಪ್ರಬಂಧದಲ್ಲಿ ಸುಳ್ಳು ಬರೆದರೆ ಕಿವಿ ಹಿಂಡುತ್ತಿದ್ದರು. ದಸರಾ ರಜೆಯ ಪ್ರಬಂಧದಲ್ಲಿ ನಾನು ಹುಲಿ ಕಂಡೆ ಎಂದು ಬರೆದು, ಅದರ ಮೀಸೆ ಯಾವ ಬಣ್ಣ ಎಂದು ಕೇಳಿಸಿಕೊಂಡವಳು. ನಿವೃತ್ತಿಯಾದ ಮೇಲೆ ಅವರೂ ಅವರ ಗಂಡನೂ ಸಿದ್ದಾಪುರದ ಪೇಟೆಯಂಚಿನಲ್ಲಿ ಸಣ್ಣ ಮನೆ ಕಟ್ಟಿಕೊಂಡಿದ್ದರು. ಅವರದ್ದೂ ಜಾತಿ ಬಿಟ್ಟು ಆದ ಮದುವೆ, ಅಷ್ಟು ನನಗೆ ಗೊತ್ತಿತ್ತು. ತವರಿನ ವಿಷಯ ಅವರು ಎತ್ತುತ್ತಿರಲಿಲ್ಲ, ನಾವು ಕೇಳುತ್ತಿರಲಿಲ್ಲ. ಹಾಗಾಗಿ ಶಿರಸಿಯಿಂದ ನೇರ ಅಲ್ಲಿಗೆ ಹೋಗಿ ಕಟ್ಟು ಕೊಡುವಾಗ ಕೈ ಒಂದು ಗಳಿಗೆ ಹಿಂಜರಿಯಿತು. ಆದರೂ ಕೊಟ್ಟೆ. ಹುಲಿಯ ಮೀಸೆ ಕೇಳುವವರು ನನಗೆ ಬೇರೆ ಯಾರಿದ್ದರು?

ನಾಲ್ಕು ದಿನ ಬಿಟ್ಟು, ವಾರದ ರಜೆಯಲ್ಲಿ, ಉತ್ತರ ಕೇಳಲು ಹೋದೆ. ಯಲ್ಲಾಪುರದಿಂದ ಶಿರಸಿ, ಶಿರಸಿಯಿಂದ ಸಿದ್ದಾಪುರ. ಬಸ್ಸಿನಲ್ಲಿ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಗೇಟು ತೆಗೆದ ಸಪ್ಪಳಕ್ಕೇ ಅಕ್ಕೋರು ಚೊಂಬು ಹಿಡಿದು ಜಗಲಿಗೆ ಬಂದರು. ಅವರು ಯಾವಾಗಲೂ ಹಾಗೇ. ಚಪ್ಪಲಿ ಬಿಡುವ ಮೊದಲೇ ಬೆಲ್ಲ-ನೀರು.

"ಎಂತದೂ ಬ್ಯಾಡ ಅಕ್ಕೋರೇ, ಈಗಷ್ಟೇ ಬಸ್‌ಸ್ಟ್ಯಾಂಡಲ್ಲಿ ಚಾ ಕುಡ್ದೆ."

"ಒಂದು ಗುಟುಕಾದ್ರೂ ಕುಡಿ."

ಕುಡಿದೆ. ನನ್ನ ಕಣ್ಣೆಲ್ಲ ಮೇಜಿನ ಮೇಲಿದ್ದ ಕಟ್ಟಿನ ಕಡೆ. ಕೊನೆಯ ಹಾಳೆಯವರೆಗೂ ಓದಿದ್ದಾರೆ ಎಂಬುದು ಮಗುಚಿದ ರೀತಿಯಲ್ಲೇ ಕಾಣುತ್ತಿತ್ತು. ಆದರೆ ಅಕ್ಕೋರು ಅದರ ಸುದ್ದಿಗೇ ಬರಲಿಲ್ಲ. ನನ್ನ ಅಮ್ಮನ ಸಕ್ಕರೆ ಕಾಯಿಲೆ, ನನ್ನ ಡ್ಯೂಟಿ, ಯಲ್ಲಾಪುರದ ರಸ್ತೆ. ಊಟಕ್ಕೆ ಅಪ್ಪೆಹುಳಿ ಮಾಡಿದ್ದರು. ಬಡಿಸುತ್ತಾ ಒಂದೇ ಮಾತು ಆಡಿದರು. "ನಿನ್ನ ಆ ಹುಡುಗಿಗೆ ದಮ್ಮಿನ ಕಾಯಿಲೆ ಇದ್ದನೇ? ಪುಟಕ್ಕೊಂದು ಸಲ ನಿಟ್ಟುಸಿರು ಬಿಡ್ತು." ನಾನು ನಕ್ಕೆ, ಅನ್ನ ನೆತ್ತಿಗೆ ಹತ್ತಿತು. ಊಟ ಆಯಿತು, ಒಂದು ನಿದ್ದೆ ಆಯಿತು, ಕಷಾಯ ಆಯಿತು. ಅವರ ಗಂಡ ಪೇಟೆಗೆಂದು ಸ್ಕೂಟರ್ ಹತ್ತಿ ಹೋದರು. ಹತ್ತನೇ ಅಧ್ಯಾಯದ ಬಗ್ಗೆ ಒಂದು ಅಕ್ಷರ ಇಲ್ಲ. ಬಾಯಿಬಿಟ್ಟು ಕೇಳಲು ನನಗೆ ಧೈರ್ಯ ಇಲ್ಲ. ಇಷ್ಟವಾಗಿಲ್ಲ, ಅದಕ್ಕೇ ಮಾತು ತಪ್ಪಿಸುತ್ತಿದ್ದಾರೆ ಎಂದುಕೊಂಡೆ. ಐದರ ಬಸ್ಸಿಗೆ ಹೊತ್ತಾಯಿತು.

ಗೇಟಿನ ತನಕ ಜೊತೆಗೆ ಬಂದರು. ನಾನು ಕಟ್ಟನ್ನು ಕಂಕುಳಲ್ಲಿಟ್ಟು ಚಪ್ಪಲಿ ಮೆಟ್ಟಿದೆ. ಅವರು ಗೇಟಿನ ಚಿಲಕ ಹಿಡಿದರು, ತೆಗೆಯಲಿಲ್ಲ.

"ತಂಗಿ, ಆ ಹತ್ತನೇ ಅಧ್ಯಾಯ" ಎಂದರು.

ಒಂಬತ್ತು ಅಧ್ಯಾಯದಲ್ಲಿ ಚಪ್ಪಲಿ ಹುಡುಕಿದವಳಿಗೆ ನನ್ನ ಕಾಲಿನ ಚಪ್ಪಲಿ ಅಲ್ಲಿಯವರೆಗೆ ನೆನಪಿಗೇ ಬಂದಿರಲಿಲ್ಲ.

"ಅಷ್ಟೆಲ್ಲ ಕೂಗ್ತ್ವಿಲ್ಲೆ. ಯಾರೂ ಎಂತದೂ ಹೇಳ್ತ್ವಿಲ್ಲೆ. ಅಪ್ಪ ಅಷ್ಟು ಬೈದ್ರೆ ಅವಳಿಗೆ ಹಗುರ ಆಗ್ತು. ತಿರುಗಿ ಬೈಲಾಗ್ತು, ಅಳಲಾಗ್ತು."

"ಮತ್ತೆ ಎಂತ ಮಾಡಕು ಅಕ್ಕೋರೇ?"

"ಬೈಗಳ ಮೊದಲು ಒಂದು ಸಾಲು ಇದ್ದು ನೋಡು. ಅವಳ ಅಮ್ಮ ಬೆಲ್ಲ-ನೀರು ತಂದು ಇಡ್ತು."

ಇತ್ತು. 'ಅಮ್ಮ ಬೆಲ್ಲ-ನೀರು ತಂದು ಅವಳ ಪಕ್ಕದಲ್ಲಿಟ್ಟಳು.' ಅಷ್ಟೇ. ಎಲ್ಲ ಅಧ್ಯಾಯದಲ್ಲೂ ಪುಟಗಟ್ಟಲೆ ನೀರು ಹೊಡೆದು ಹಾಕಿದವಳು, ಈ ಒಂದು ಸಾಲು ಸಣ್ಣದೆಂದು ಹಾಗೇ ಬಿಟ್ಟಿದ್ದೆ. ಬಂದವರಿಗೆ ನೀರು ಕೊಡದೆ ಒಂದು ಸಾಲು ಮುಂದೆ ಹೋಗಲು ನನ್ನ ಕೈಗೆ ಗೊತ್ತೇ ಇರಲಿಲ್ಲ.

"ಕೊಡಡ, ಆ ಸಾಲು ಹೊಡೆದು ಹಾಕು" ಎಂದರು ಅಕ್ಕೋರು. "ಎನ್ನ ತವರಲ್ಲಿ ಎಂಗೆ ಕೊಟ್ಟಿದ್ವಿಲ್ಲೆ."

ನಾನು ಅವರ ಮುಖ ನೋಡಿದೆ. ಅವರು ರಸ್ತೆ ನೋಡುತ್ತಿದ್ದರು.

"ಜಗಲಿ ಮೇಲೆ ಕೂತಿದ್ದೆ. ಆಯಿ ಒಳಗೇ ಇದ್ದಿತ್ತು, ಚೊಂಬಿನ ಸಪ್ಪಳ ಕೇಳ್ತಾ ಇತ್ತು. ಈಗ ಬತ್ತು, ಈಗ ಬತ್ತು ಹೇಳಿ ಕೂತೆ. ಅಪ್ಪಯ್ಯ ಪೇಪರ್ ಓದ್ತಾ ಇದ್ದಿದ್ದ. ಯಾರೂ ಒಂದು ಕೆಟ್ಟ ಮಾತು ಆಡಿದ್ವಿಲ್ಲೆ. ಆಸರಿಗೆ ಒಂದು ಕೇಳಿದ್ವಿಲ್ಲೆ. ಆಮೇಲೆ ಎದ್ದು ಬಂದೆ." ಚಿಲಕ ತೆಗೆದು, ಶಾಲೆಯಲ್ಲಿ ಗದರುತ್ತಿದ್ದ ಅದೇ ದನಿಯಲ್ಲಿ, "ಓಡು, ಬಸ್ಸು ತಪ್ಪಿ ಹೋಗ್ತು" ಎಂದರು.

ಓಡಿದೆ. ಬಸ್ಸಿನ ಕಿಟಕಿಯ ಪಕ್ಕ ಕೂತ ಮೇಲೆ ಕಣ್ಣಲ್ಲಿ ನೀರು, ಕೈಯಲ್ಲಿ ಪೆನ್ನು. ಅಕ್ಕೋರಿಗಾಗಿ ಅತ್ತದ್ದೂ ನಿಜ, ಅಧ್ಯಾಯ ಸಿಕ್ಕಿತೆಂದು ಒಳಗೆ ಕುಣಿದದ್ದೂ ನಿಜ. ಎರಡೂ ಒಟ್ಟಿಗೆ ಆಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ, ಗೊತ್ತಾದಾಗ ನಾಚಿಕೆಯೂ ಆಗಲಿಲ್ಲ. ಬಸ್ಸು ತಿರುವಿನಲ್ಲಿ ಎತ್ತಿ ಹಾಕಿದಂತೆಲ್ಲ ನನ್ನ ಗೆರೆಗಳೂ ಹಾರಿ ಬಿದ್ದವು. ಬೆಲ್ಲ-ನೀರಿನ ಸಾಲು ಹೊಡೆದೆ. ಅಪ್ಪನ ಬೈಗಳು ಹೊಡೆದೆ. ಅಣ್ಣನ ಕೈಯ ಕೋಲು ಕಿತ್ತುಕೊಂಡೆ. ಹುಡುಗಿಯ ಭಾಷಣ ಅಡ್ಡಗೆರೆ ಹಾಕಿ ಮುಗಿಸಿದೆ. ಅಂಚಿನಲ್ಲಿ ಹೊಸದಾಗಿ ಬರೆದದ್ದು ನಾಲ್ಕೇ ಸಾಲು. ಅವಳು ಕೂತಿದ್ದಾಳೆ. ಒಳಗೆ ಪಾತ್ರೆ ತೊಳೆಯುತ್ತಿದ್ದಾರೆ. ಅಪ್ಪ ಬಿಸಿಲು ಜಾಸ್ತಿಯಾಯಿತೆಂದು ಕುರ್ಚಿಯನ್ನು ನೆರಳಿಗೆ ಎಳೆದುಕೊಂಡ. ಅವಳು ಎದ್ದು ಚಪ್ಪಲಿ ಮೆಟ್ಟಿದಳು.

ಚಪ್ಪಲಿ ಮೆಟ್ಟಿ ಅವಳು ಏನಾದರೂ ಹೇಳುತ್ತಾಳೆ ಎಂದು ಕಾದೆ. ಹೇಳಲಿಲ್ಲ. ಅದೇ ಕೊನೆ.

ಇಷ್ಟಾಗುವಾಗ ಶಿರಸಿ ಇನ್ನೂ ಅರ್ಧ ದಾರಿ ಇತ್ತು. ಆಗ ಅತ್ತೆಯ ಮಾತು ನೆನಪಾಯಿತು. ಹೇಳದಿದ್ದರೆ ಕೊಟ್ಟಿದ್ದು ಯಾರಿಗೆ ಗೊತ್ತಾಗುತ್ತದೆ? ಅಯ್ಯೋ ದೇವರೇ! ಎಲ್ಲರಿಗೂ ಕೊಡುವ ಮನೆ ಎಂದು ತಿಳಿದಿದ್ದರೆ ತಾನೇ ಇವಳಿಗೆ ಕೊಡದಿದ್ದದ್ದು ಎದೆಗೆ ತಾಗುವುದು? ಕಟ್ಟಿನ ಅಡಿಯಲ್ಲಿ ಹೊಡೆದು ಹಾಕಿದ ಹಾಳೆಗಳೂ ಇದ್ದವು, ಪುಣ್ಯಕ್ಕೆ ಎಸೆದಿರಲಿಲ್ಲ. ಮೂರನೇ ಅಧ್ಯಾಯದಲ್ಲಿ ಮಾವನಿಗೆ ನೀರು ಮರಳಿ ಬಂತು. ಐದರಲ್ಲಿ ದಾರಿ ತಪ್ಪಿ ಬಂದ ಬಳೆಗಾರನಿಗೆ ಮಜ್ಜಿಗೆ ಬಂತು. ಒಂಬತ್ತರಲ್ಲಿ, ಅವಳು ಬರುವ ಹಿಂದಿನ ಅಧ್ಯಾಯದಲ್ಲೇ, ಅದೇ ಜಗಲಿಯ ಮೇಲೆ, ಅದೇ ಅಮ್ಮ ಮೀಟರ್ ನೋಡಲು ಬಂದ ಲೈನ್‌ಮನ್‌ಗೆ ಬೆಲ್ಲ-ನೀರು ತಂದುಕೊಟ್ಟು "ಇನ್ನೊಂದು ಚೂರು ಬೆಲ್ಲ ತಗ" ಎಂದಳು. ಕಂಡಕ್ಟರ್ ಬಂದು "ಪರೀಕ್ಷೆ ಬರೀತಾ ಇದ್ದೀರಾ ಅಕ್ಕಾ?" ಎಂದು ಕೇಳಿದ. ಹೌದು ಎಂದೆ.

ಶಿರಸಿಯಲ್ಲಿ ಇಳಿದು ಪ್ರೆಸ್ಸಿಗೆ ಹೆಚ್ಚುಕಡಿಮೆ ಓಡುತ್ತಲೇ ಹೋದೆ. ಸಾವಕಾರರು ಬಾಗಿಲು ಹಾಕಲು ಎದ್ದಿದ್ದರು. ಒಂಬತ್ತರ ಆ ಪುಟವನ್ನೂ ಹತ್ತನೆಯದನ್ನೂ ಅವರ ಕೈಗೆ ತುರುಕಿದೆ. ನಿಂತೇ ಓದಿದರು. ಹಾಳೆ ಮಗುಚಿ ಹಿಂದೆ ನೋಡಿದರು, ಮುಂದೇನಾದರೂ ಇದೆಯೋ ಎಂದು. ಇರಲಿಲ್ಲ. ಆಮೇಲೆ ಮೇಜಿಗೆ ಅಂಗೈಯಿಂದ ಹೊಡೆದರು.

"ಅಲ್ರೀ, ಆ ಮಂದಿ ಮನಷ್ಯಾರ ಹೌದಲ್ಲೋ? ಬಿಸಲಾಗ ಬಂದ ಹುಡುಗಿಗೆ ಒಂದು ಗ್ಲಾಸ್ ನೀರರ ಕೊಡಬಾರದಾ? ಆ ಲೈನ್‌ಮನ್‌ಗ ಕೊಡ್ತಾರ, ಹೊಟ್ಟ್ಯಾಗ ಹುಟ್ಟಿದ ಮಗಳಿಗೆ ಕೊಡಾಕ ಏನಾಗೇತಿ ಧಾಡಿ?"

ಮೊದಲಿನ ಪ್ರತಿಯಲ್ಲಿ ಅವಳಿಗೆ ನೀರು ಕೊಟ್ಟಿದ್ದು ಅವರಿಗೆ ನೆನಪೇ ಇರಲಿಲ್ಲ. ಅವರು ಇನ್ನೂ ಸಿಟ್ಟಿನಲ್ಲೇ ಒಳಗೆ ತಿರುಗಿ, "ಏ, ಮೇಡಂಗ ನೀರು ತಗೊಂಬಾ" ಎಂದು ಕೂಗಿದರು. ಆಮೇಲೆ ಕನ್ನಡಕ ಒರೆಸಿಕೊಂಡು, "ನಾಳಿಂದ ಕಂಪೋಸಿಂಗಿಗೆ ಹಾಕ್ತೀನಿ. ಹತ್ತು ಫಾರಂ ದಾಟ್ತೈತಿ, ದಾಟಲಿ ಬಿಡ್ರಿ" ಎಂದರು.

ಆಷಾಢದಲ್ಲಿ ಮಷೀನು ಓಡಿತು. ಅತ್ತೆ ಮೂರನೇ ಅಧ್ಯಾಯ ಓದಿ ಮಾವನಿಗೆ ನೀರು ಸಿಕ್ಕಿದ್ದಕ್ಕೆ ಸಮಾಧಾನ ಪಟ್ಟರು. ಮುಂದೆ ಓದುತ್ತಾ ಓದುತ್ತಾ ಹತ್ತನೆಯದನ್ನೂ ಓದಿದರು. ಜಗಳಕ್ಕೆ ಬರುತ್ತಾರೆ ಎಂದು ನಾನು ಸಿದ್ಧಳಾಗಿದ್ದೆ. ಬರಲಿಲ್ಲ. ಪುಸ್ತಕ ಮಡಚಿಟ್ಟು, "ಇದು ಮಾತ್ರ ಕಣ್ಣಾರೆ ಕಂಡು ಬರೆದ ಹಾಂಗಾಜು" ಎಂದು ಹೇಳಿ ಹಿತ್ತಲಿಗೆ ಹೋದರು. ಬಹಳ ಹೊತ್ತು ಒಳಗೆ ಬರಲಿಲ್ಲ.

ಶ್ರಾವಣದ ಮೊದಲ ವಾರ ಅಕ್ಕೋರಿಗೆ ಪುಸ್ತಕ ಒಯ್ದೆ. ಗೇಟಿನ ಸಪ್ಪಳಕ್ಕೆ ಅವರು ಎಂದಿನಂತೆ ಚೊಂಬಿಗೆ ಕೈ ಹಾಕುವ ಮೊದಲೇ ನಾನು ಜಗಲಿ ಹತ್ತಿ ಪುಸ್ತಕ ಕೈಯಲ್ಲಿಟ್ಟೆ. ಮುಖಪುಟವನ್ನೂ ನೋಡದೆ ನೇರವಾಗಿ ಕೊನೆಗೆ ಹೋದರು. ಹತ್ತನೇ ಅಧ್ಯಾಯವನ್ನು ನಿಂತೇ ಓದಿದರು. ನಾನು ಕಂಬಕ್ಕೆ ಒರಗಿ ನೋಡುತ್ತಾ ನಿಂತೆ. ಓದಿ ಮುಗಿದ ಮೇಲೂ ಅವರು ಆ ಪುಟದಿಂದ ಕಣ್ಣು ತೆಗೆಯಲಿಲ್ಲ. ಅವರು ಈಗ ಎಲ್ಲಿ ಕೂತಿದ್ದಾರೆ, ಯಾವ ಚೊಂಬಿನ ಸಪ್ಪಳ ಕೇಳುತ್ತಿದ್ದಾರೆ ಎಂದು ನನಗೆ ಗೊತ್ತಿತ್ತು. ಆಮೇಲೆ ತಟ್ಟನೆ ತಲೆ ಎತ್ತಿ ನನ್ನನ್ನು ನೋಡಿದರು, ಗಾಬರಿಯಾದರು.

"ಅಯ್ಯೋ, ನಿಂಗೆ ಒಂದು ಚೊಂಬು ನೀರೂ ಕೊಟ್ಟಿದ್ನಿಲ್ಲೆ! ನೋಡು, ಬಂದವಳನ್ನ ಹೀಂಗೇ ನಿಲ್ಲಿಸಿಟ್ಟಿದ್ದೆ. ಆಸರಿಗೆ ಎಂತ ಅಡ್ಡಿಲ್ಲೆ ಕೂಸೇ?"

ಎಂತದೂ ಬ್ಯಾಡ ಎನ್ನುವುದು ರೂಢಿ. ಹುಟ್ಟಿದಾಗಿನಿಂದ ಅದನ್ನೇ ಹೇಳಿಕೊಂಡು ಬಂದವಳು ನಾನು.

"ಎಲ್ಲದೂ ಅಡ್ಡಿಲ್ಲೆ ಅಕ್ಕೋರೇ" ಎಂದೆ.

ಅವತ್ತು ಬೆಲ್ಲ-ನೀರು, ಮಜ್ಜಿಗೆ, ಕಷಾಯ, ಮೂರನ್ನೂ ಕುಡಿದೆ.